ಇಟಾಲಿಯನ್‌ನಲ್ಲಿ ‘ರೆ’ ಎಲ್ಲಿ ಕೂರುತ್ತದೆ?

ಇಟಾಲಿಯನ್ ಕಲಿಯುವಾಗ ‘ಕೊಂದಿತ್ಸಿಯೊನಾಲೆ’ (‘ಹೀಗಾಗಿದ್ದರೆ ಹಾಗೆ ಮಾಡುತ್ತಿದ್ದೆ’ ಅನ್ನುವಂಥ ಮಾತಿನ ಕ್ರಿಯಾರೂಪ) ಪಾಠ ಬಂದ ಕೂಡಲೇ ಪಟ್ಟಿ ಬಾಯಿಪಾಠಕ್ಕೆ ಕೂರಬೇಡಿ. ‘ಕಾಫಿ ಬೇಕು’ ಮತ್ತು ‘ಕಾಫಿ ಬೇಕಿತ್ತು’ ನಡುವಿನ ವ್ಯತ್ಯಾಸ ನಮಗೆ ಆಗಲೇ ಗೊತ್ತು, ಅಲ್ವಾ? ‘ವೊಲ್ಯೊ’ ಅಂದರೆ ಬೇಕು, ‘ವೊರ್ರೆಯ್’ ಅಂದರೆ ಬೇಕಿತ್ತು. ಏನಾದರೂ ಕೇಳುವಾಗ ಎರಡನೆಯದನ್ನೇ ಬಳಸಿ.

ರೂಪ ಕಟ್ಟುವುದು ಸುಲಭ. ಭವಿಷ್ಯತ್ತಿನ ರೂಪ ತಗೊಂಡು ಬಾಲ ಬದಲಿಸಿ. ‘ಪಾರ್ಲೆರೊ’ ಅಂದರೆ ಮಾತಾಡುವೆ, ಅದೇ ‘ಪಾರ್ಲೆರೆಯ್’ ಆಗುತ್ತದೆ. ಉಳಿದವು, ನೀನು, ಅವನು/ಅವಳು, ನಾವು, ನೀವು, ಅವರು ಅನ್ನುವ ಸಾಲಿಗೆ, ಪಾರ್ಲೆರೆಸ್ತಿ, ಪಾರ್ಲೆರೆಬ್ಬೆ, ಪಾರ್ಲೆರೆಮ್ಮೊ, ಪಾರ್ಲೆರೆಸ್ತೆ, ಪಾರ್ಲೆರೆಬ್ಬೆರೊ. ಎಲ್ಲ ಕ್ರಿಯಾಪದಕ್ಕೂ ಇದೇ ಬಾಲ. ಹಟಮಾರಿ ಪದಗಳೂ ಹೀಗೇ: ಸರೊ (ಇರುವೆ)–ಸರೆಯ್, ಅಂದ್ರೊ (ಹೋಗುವೆ)–ಅಂದ್ರೆಯ್. ಒಂದು ಕಡೆ ಮಾತ್ರ ಹುಷಾರು. ‘ಪಾರ್ಲೆರೆಮೊ’ ಅಂದರೆ ನಾವು ಮಾತಾಡುವೆವು ಅಂತ ಭವಿಷ್ಯತ್ತು, ‘ಪಾರ್ಲೆರೆಮ್ಮೊ’ ಅಂದರೆ ಕೊಂದಿತ್ಸಿಯೊನಾಲೆ. ಆದರೆ ಕತೆಗೂ ಕತ್ತೆಗೂ ವ್ಯತ್ಯಾಸ ಕೇಳಿಸಿಕೊಳ್ಳುವ ಕಿವಿ ನಮ್ಮದು, ಈ ಒತ್ತಕ್ಷರ ನಮಗೇನು ಮಹಾ.

ನಾನು ಜಾಸ್ತಿ ದಿನ ಎಡವಿದ್ದು ಬೇರೆ ಕಡೆ. ‘ಸಮಯ ಇದ್ದಿದ್ದರೆ ಬರುತ್ತಿದ್ದೆ’ ಅನ್ನುವಾಗ ನಮ್ಮ ‘ರೆ’ ಮೊದಲ ಭಾಗಕ್ಕೆ ಅಂಟಿಕೊಳ್ಳುತ್ತದೆ. ಇಟಾಲಿಯನ್‌ನಲ್ಲೂ ಈ ರೂಪದಲ್ಲಿ ‘ರೆ’ ಸದ್ದು ಕೇಳಿಸುತ್ತಲ್ಲ, ಅದಕ್ಕೇ ‘ಸೆ ಅವ್ರೆಯ್ ತೆಂಪೊ’ (‘ಸೆ’ ಅಂದರೆ ‘ಒಂದು ವೇಳೆ’, ‘ತೆಂಪೊ’ ಅಂದರೆ ಸಮಯ) ಅಂತ ಬಾಯಿಗೆ ಬಂದುಬಿಡುತ್ತದೆ. ತಪ್ಪು! ‘ಸೆ ಅವೆಸ್ಸಿ ತೆಂಪೊ, ವೆರ್ರೆಯ್’ ಅನ್ನಬೇಕು. ‘ಇದ್ದಿದ್ದರೆ’ ಅನ್ನುವ ಕಡೆ ಕೊಂಜುಂತೀವೊ (ಊಹೆಯ ಮಾತಿಗೆ ಬರುವ ಇನ್ನೊಂದು ಕ್ರಿಯಾರೂಪ), ‘ಬರುತ್ತಿದ್ದೆ’ ಅನ್ನುವ ಕಡೆ ಕೊಂದಿತ್ಸಿಯೊನಾಲೆ. ಇಟಲಿಯವರೇ ಕೆಲವರು ಹೀಗೆ ತಪ್ಪಿ ಬೈಸಿಕೊಳ್ಳುತ್ತಾರೆ, ನೀವು ಸುಮ್ನೆ ನಾಚಿಕೊಳ್ಳಬೇಡಿ.

ಸಮಯ ಮೀರಿಹೋದ ಮಾತಾದರೂ ಕನ್ನಡದಲ್ಲಿ ಅದೇ ವಾಕ್ಯ ಸಾಕು. ಅವರಿಗೆ ಸಾಲದು: ‘ಸೆ ಅವೆಸ್ಸಿ ಅವೂತೊ ತೆಂಪೊ, ಸರೆಯ್ ವೆನೂತೊ’. ಹೇಳುವವಳು ಹೆಣ್ಣಾದರೆ ‘ವೆನೂತಾ’. ‘ಬರುತ್ತೇನೆ ಅಂದಿದ್ದ’ ಅನ್ನುವುದಕ್ಕೂ ಇದೇ ಜೋಡಿ ರೂಪ ಬೇಕು, ‘ಅವೇವಾ ದೆತ್ತೊ ಕೆ ಸರೆಬ್ಬೆ ವೆನೂತೊ’. ಆಮೇಲೆ ಬಂದನೋ ಇಲ್ಲವೋ, ಅದು ಬೇರೆ ಮಾತು.

ಇನ್ನೊಂದು ಬಳಕೆ ನನಗೆ ತುಂಬಾ ಇಷ್ಟ. ಇಟಲಿಯ ಪತ್ರಿಕೆಯಲ್ಲಿ ‘ಇಲ್ ಮಿನಿಸ್ತ್ರೊ ಸರೆಬ್ಬೆ ಮಲಾತೊ’ ಅಂತ ಬಂದರೆ ಅಲ್ಲಿ ಷರತ್ತು ಹುಡುಕಬೇಡಿ. ಮಂತ್ರಿಗೆ ಹುಷಾರಿಲ್ಲವಂತೆ, ಅಷ್ಟೇ.