ಮರದ ಸಂದಿನಲ್ಲಿ ಡಿಸ್ಕ್ ಗಾಲ್ಫ್: ಟೂರ್ನಮೆಂಟ್‌ಗೆ ಹೊರಟವರಿಗೆ

ಮರಗಳ ನಡುವಿನ ಕೋರ್ಸ್‌ನಲ್ಲಿ ದೂರ ಎಸೆಯುವವರೇ ಜಾಸ್ತಿ ಒದ್ದಾಡುತ್ತಾರೆ. ತಟ್ಟೆಯಂಥ ಡಿಸ್ಕ್ ಮೊದಲ ಇಪ್ಪತ್ತು ಅಡಿಯಲ್ಲೇ ಕಾಂಡಕ್ಕೆ ಬಡಿದರೆ ತೋಳಿನ ಬಲ ಇಟ್ಟುಕೊಂಡು ಏನು ಮಾಡೋದು? ಕಡಿಮೆ ಎಸೆತದಲ್ಲಿ ಸರಪಳಿ ತೂಗುಬಿಟ್ಟ ಬುಟ್ಟಿಗೆ ಹಾಕುವುದೇ ಆಟ. ಅದಕ್ಕೆ ಇಲ್ಲಿ ಬೇಕಾಗುವುದು ನೇರ ಕೈ.

ಅಭ್ಯಾಸಕ್ಕೆ ನಮ್ಮ ಕೋಲಾರದ ಕಡೆ ಜಾಗಕ್ಕೇನೂ ಬರವಿಲ್ಲ. ನೀಲಗಿರಿ ತೋಪುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಸಾಲು ಮರ, ಉದ್ದನೆಯ ಕಾಂಡ, ನಡುವೆ ಕಿರಿದಾದ ದಾರಿ. ಒಡೆಯರನ್ನು ಕೇಳಿಕೊಂಡು ಒಳಗೆ ಹೋಗಿ, ಬರೀ ಪಟರ್ (ಹತ್ತಿರದ ಎಸೆತದ್ದು) ಮತ್ತು ಮಿಡ್‌ರೇಂಜ್ (ಮಧ್ಯಮ ದೂರದ್ದು) ಡಿಸ್ಕ್ ಎಸೆಯಿರಿ. ಓಡಿ ಬಂದು ಎಸೆಯಬೇಡಿ, ನಿಂತಲ್ಲೇ ಎಸೆಯಿರಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಲ ಸಾಕು. ದೂರ ಹೋಗುವ ಡ್ರೈವರ್ ಡಿಸ್ಕ್ ಚೀಲದಲ್ಲೇ ಇರಲಿ.

ತಗ್ಗು ಎಸೆತ ಕಲಿಯೋಕೆ ಮಾತ್ರ ಮಾವಿನ ತೋಟವೇ ಸರಿ. ಶ್ರೀನಿವಾಸಪುರದ ಹತ್ತಿರ ನಮ್ಮ ಮಾವನ ತೋಟದಲ್ಲಿ ಕೊಂಬೆಗಳು ತಲೆಗೆ ತಾಗುವಷ್ಟು ಕೆಳಗಿವೆ. ಡಿಸ್ಕ್ ಎದೆ ಎತ್ತರ ದಾಟಿದರೆ ಎಲೆಗೆ ಸಿಕ್ಕಿಕೊಳ್ಳುತ್ತದೆ. ಡಿಸ್ಕಿನ ಮೂತಿ ಮೇಲೇಳದಂತೆ ಎಸೆಯೋದು ಅಲ್ಲಿ ತಾನಾಗಿಯೇ ಬರುತ್ತದೆ. ಹೋಗುವುದಾದರೆ ಕೊಯ್ಲು ಮುಗಿದ ಮೇಲೆ, ಹೂ ಬಿಡುವ ಮುಂಚೆ ಹೋಗಿ. "ಒಂದು ಕಾಯಿ ಉದುರಿದ್ರೂ ನಿನ್ನ ತಟ್ಟೆ ಬಾವಿಗೆ ಹಾಕ್ತೀನಿ" ಅಂತಾರೆ ಮಾವ. ಹಾಕಿಯೂ ಬಿಡುತ್ತಾರೆ.

ಆಟದ ಹಿಂದಿನ ದಿನ ಕೋರ್ಸ್ ನಡೆದು ನೋಡಿ. ಟೀ (ಮೊದಲ ಎಸೆತದ ಜಾಗ) ಕಡೆಯಿಂದ ನೋಡಿದರೆ ಸಾಲದು, ಬುಟ್ಟಿಯ ಹತ್ತಿರ ನಿಂತು ಹಿಂದಕ್ಕೂ ನೋಡಿ. ಆಗಲೇ ತೆರೆದ ದಾರಿ ಯಾವುದು ಅಂತ ಕಾಣುತ್ತದೆ. ನಿಮಗೆ ಹತ್ತಿರ ಇರುವ ಸಂದನ್ನು ಮೊದಲು ಆರಿಸಿ, ಕಣ್ಣು ಸಂದಿನ ಮೇಲೇ ಇರಲಿ. ಮರವನ್ನೇ ದಿಟ್ಟಿಸಿದರೆ ಡಿಸ್ಕ್ ಅಲ್ಲಿಗೇ ಹೋಗುತ್ತದೆ, ಯಾಕೋ ಗೊತ್ತಿಲ್ಲ. ಬಲಗೈಯವರ ಬ್ಯಾಕ್‌ಹ್ಯಾಂಡ್ (ಎದೆಗೆ ಅಡ್ಡವಾಗಿ ಕೈ ತಂದು ಬೀಸುವ ಎಸೆತ) ವೇಗ ಇಳಿದಾಗ ಎಡಕ್ಕೆ ಬಾಗುತ್ತದೆ, ಫೋರ್‌ಹ್ಯಾಂಡ್ (ಎಸೆಯುವ ಕೈಯ ಬದಿಯಿಂದಲೇ ಬೀಸುವ ಎಸೆತ) ಬಲಕ್ಕೆ. ದಾರಿ ಯಾವ ಕಡೆ ತಿರುಗುತ್ತದೋ ಆ ಕಡೆ ಬಾಗುವ ಎಸೆತ ಆರಿಸಿ. ಎರಡೂ ಬರಬೇಕು. ಒಂದೇ ಕೈಚಳಕ ನಂಬಿದರೆ ಅರ್ಧ ಕೋರ್ಸ್‌ನಲ್ಲಿ ಕಷ್ಟಪಡುತ್ತೀರಿ.

ಡಿಸ್ಕಿನ ಬಣ್ಣ ಗುಲಾಬಿಯೋ ತಿಳಿನೀಲಿಯೋ ಇರಲಿ. ಕಂದು, ಹಸಿರು ಒಣಗೆಲೆಯಲ್ಲಿ ಸಿಗೋದೇ ಇಲ್ಲ. ಹಿಂಬದಿ ಹೆಸರು, ಫೋನ್ ನಂಬರ್ ಬರೆದಿಡಿ. ಈ ಆಟದ ಸಂಸ್ಥೆ ಪಿಡಿಜಿಎ ನಿಯಮದ ಪ್ರಕಾರ ಹುಡುಕೋಕೆ 3 ನಿಮಿಷ. ಸಿಗದಿದ್ದರೆ ಒಂದು ದಂಡದ ಎಸೆತ, ಅಂದರೆ ಲೆಕ್ಕಕ್ಕೆ ಒಂದು ಎಸೆತ ಜಾಸ್ತಿ.

ಇನ್ನು ಮರಕ್ಕೆ ಬಡಿದು ಪೊದೆಯೊಳಗೆ ಬಿದ್ದಾಗ ಏನು ಮಾಡೋದು? ಬಡಿದೇ ಬಡಿಯುತ್ತದೆ, ಎಂಥವರಿಗೂ. ಎದುರಿನ ಕಿರುಸಂದಿನಲ್ಲಿ ಬುಟ್ಟಿ ಕಾಣುತ್ತದೆ, ಕೈ ತುರಿಸುತ್ತದೆ. ಬೇಡ. ಪಕ್ಕಕ್ಕೋ ಹಿಂದಕ್ಕೋ ಆದರೂ ಸರಿ, ಬಯಲಿಗೆ ಬನ್ನಿ. ಮೊಣಕಾಲೂರಿ ಡಿಸ್ಕನ್ನು ನೆಲದುದ್ದಕ್ಕೂ ಜಾರಿಸಿದರೂ ನಡೆಯುತ್ತದೆ. ಪಾರ್‌ಗಿಂತ (ಆ ಬುಟ್ಟಿಗೆ ನಿಗದಿಯಾದ ಎಸೆತಗಳಿಗಿಂತ) ಒಂದು ಜಾಸ್ತಿ ಆದರೆ ಚಿಂತೆಯಿಲ್ಲ, ಅದನ್ನು ಮುಂದೆ ಸರಿಮಾಡಬಹುದು. ಮೂರು ಜಾಸ್ತಿ ಆಗೋದು ಈ ಹಟದಿಂದಲೇ.

ಅಡ್ಡ ಬಂದ ಜೀವಂತ ಕೊಂಬೆಯನ್ನು ಬಗ್ಗಿಸಿ ಹಿಡಿಯೋದು, ಮುರಿಯೋದು ತಪ್ಪು, ದಂಡ ಬೀಳುತ್ತದೆ. ಕೊಂಬೆ ಆದಷ್ಟು ಕಡಿಮೆ ಅಲುಗುವಂತೆ ನಿಲ್ಲಬೇಕು. ಜೇನು, ಹಾವು ಇದ್ದರೆ ಸುಮ್ನೆ ಧೈರ್ಯ ತೋರಿಸಬೇಡಿ. ಅಪಾಯದ ಪ್ರಾಣಿ, ಕೀಟ ಇದ್ದಾಗ ದಂಡವಿಲ್ಲದೆ ಹಿಂದೆ ಸರಿಯಲು ನಿಯಮದಲ್ಲೇ ಅವಕಾಶವಿದೆ. ಗುಂಪಿನವರಿಗೆ ಹೇಳಿ, ಬುಟ್ಟಿಯಿಂದ ದೂರಕ್ಕೆ ನೇರವಾಗಿ ಹಿಂದೆ ಹೋಗಿ ಆಡಿ.

ನಿಮ್ಮ ಸರದಿ ಬಂದ ಮೇಲೆ ಎಸೆಯೋಕೆ 30 ಸೆಕೆಂಡ್ ಇರುತ್ತದೆ. ಯಾವ ಸಂದು, ಯಾವ ಡಿಸ್ಕ್ ಅನ್ನೋದನ್ನು ನಡೆದು ಬರುವಾಗಲೇ ತೀರ್ಮಾನ ಮಾಡಿ. ಬುಟ್ಟಿಯಿಂದ 10 ಮೀಟರ್ ಒಳಗಿದ್ದರೆ ಎಸೆದ ಮೇಲೆ ಮುಂದಕ್ಕೆ ಮುಗ್ಗರಿಸದೆ ಸ್ಥಿರವಾಗಿ ನಿಲ್ಲಬೇಕು. ಬೇರುಗಳ ಮೇಲೆ ಕಾಲಿಟ್ಟು ಇದನ್ನು ಮೊದಲೇ ಅಭ್ಯಾಸ ಮಾಡಿರಿ. ಪ್ರತಿ ಬುಟ್ಟಿ ಮುಗಿದ ಕೂಡಲೇ ಅಂಕ ಜೋರಾಗಿ ಹೇಳಿ. ತಪ್ಪು ಅಂಕ ಕೊಟ್ಟಿದ್ದು ಆಮೇಲೆ ಗೊತ್ತಾದರೆ ಎರಡು ದಂಡದ ಎಸೆತ ಸೇರುತ್ತದೆ.