‘ಮಹೇಶ’ನನ್ನು ಕನ್ನಡಕ್ಕೆ ಕರೆತಂದದ್ದು

ಶರಚ್ಚಂದ್ರರ ‘ಮಹೇಶ’ ಕಥೆಯನ್ನು ನೇರ ಬಂಗಾಳಿಯಿಂದ ತರುತ್ತೇನೆ ಅಂದಾಗ ಗೆಳೆಯರು ನಂಬಲಿಲ್ಲ. “ಇಂಗ್ಲಿಷ್ ಇದೆಯಲ್ಲ, ಸುಮ್ನೆ ಯಾಕೆ ಕಷ್ಟ?” ಅಂದರು. ಮೊದಲು ಹಾಗೇ ಮಾಡಿದ್ದೆ. ಎರಡು ವಾರದಲ್ಲಿ ಮುಗಿಯಿತು, ಆದರೆ ಜೀವವೇ ಇರಲಿಲ್ಲ. ಒಂದು ಪತ್ರಿಕೆ ಎಂಟು ತಿಂಗಳು ಇಟ್ಟುಕೊಂಡು ವಾಪಸ್ ಕಳಿಸಿತು.

ಆಮೇಲೆ ಬಂಗಾಳಿ ಪಾಠಕ್ಕೆ ಸೇರಿದೆ. ಸುಮಾರು 9,000 ರೂಪಾಯಿ ಹೋಯಿತು. ಮೂಲ ಓದಿದಾಗ ಗೊತ್ತಾಯಿತು, ಇಡೀ ಕಥೆ ನಿಂತಿರುವುದು ‘ತುಯಿ’ ಅನ್ನೋ ಏಕವಚನದ ಮಾತಿನ ಮೇಲೆ. ಊರಿನ ಬ್ರಾಹ್ಮಣ ಪಂಡಿತ ತರ್ಕರತ್ನ ಬಡ ರೈತ ಗಫೂರನನ್ನು ತುಯಿ ಅಂತಲೇ ಗದರಿಸುತ್ತಾನೆ. ಅದೇ ಗಫೂರ ತನ್ನ ಮುದಿ ಎತ್ತು ಮಹೇಶನ ಕೊರಳು ತಬ್ಬಿ, ನೀನು ನನ್ನ ಮಗ ಅನ್ನುವಾಗಲೂ ತುಯಿ! ಬಂಗಾಳಿಯಲ್ಲಿ ತುಯಿ, ತುಮಿ, ಆಪನಿ ಅಂತ ಕೆಳಗಿನಿಂದ ಮೇಲಕ್ಕೆ ಮೂರು ಮೆಟ್ಟಿಲು. ನಮಗೆ ದಿನದ ಮಾತಲ್ಲಿ ನೀನು, ನೀವು ಎರಡೇ.

ಗಫೂರನಿಗೆ ಧಾರವಾಡದ ಮಾತು ಕೊಟ್ಟು ನೋಡಿದೆ. ಅವನು ನವಲಗುಂದದ ರೈತನಾಗಿಬಿಟ್ಟ. ಆ ನಲವತ್ತು ಪುಟ ಹರಿದು ಹಾಕಿದೆ. ಕೊನೆಗೆ ತುಯಿ ಬಂದಲ್ಲೆಲ್ಲ ‘ನೀನು’ ತೆಗೆದೆ. ‘ಏನೋ’, ‘ತೀರಿಸ್ತೀಯೇನೋ’ ಅಂತ ಕ್ರಿಯಾಪದದ ಬಾಲದಲ್ಲೇ ಹಿಡಿದೆ. ಬೈಗುಳಕ್ಕೂ ಅದೇ, ಮುದ್ದಿಗೂ ಅದೇ, ಅಲ್ವಾ? ಮಗಳು ಅಮೀನಾ ಅಪ್ಪನಿಗೆ ಆಡುವ ಮಾತಿಗೆ ಮಾತ್ರ ಬರೀ ‘ನೀನು’ ಉಳಿಸಿದೆ. ಇದು ಕೂತಿತು. ಇಷ್ಟು ಸರಳ ದಾರಿ ಬೇರೆ ಯಾರೂ ಹಿಡಿದದ್ದು ನಾನು ನೋಡಿಲ್ಲ.

ಇನ್ನೊಂದು ಪೇಚಾಟ ಹುಲ್ಲಿನದು. ಗಫೂರ ಎರಡು ‘ಕಾಹನ’ ಹುಲ್ಲು ಸಾಲ ಕೇಳುತ್ತಾನೆ. ಕಾಹನ ಅಂದರೆ 1280ರ ಲೆಕ್ಕ. 2560 ಕಂತೆ ಅಂತ ಬರೆದರೆ ಸಾಹುಕಾರನ ಹಾಗೆ ಕಾಣುತ್ತಾನೆ. ‘ಎರಡು ಗಾಡಿ’ಯೂ ಸರಿಹೋಗಲಿಲ್ಲ. ಕಾಹನ ಅಂತಲೇ ಬಿಟ್ಟೆ. ಪಾಲಿಗೆ ಬಂದ ಒಂದು ಕಾಹನವನ್ನೂ ಹಳೇ ಬಾಕಿಗೆ ಅಂತ ಜಮೀನ್ದಾರ ಹಿಡಿದುಕೊಂಡ ಅನ್ನುವಾಗ ಓದುಗರಿಗೆ ತಾನಾಗಿಯೇ ತಿಳಿಯುತ್ತದೆ.

ಮಹೇಶ ಸತ್ತ ಮೇಲೆ ಅಪ್ಪ ಮಗಳು ರಾತ್ರೋರಾತ್ರಿ ಸೆಣಬಿನ ಗಿರಣಿಯ ಕಡೆ ಹೊರಡುವ ಭಾಗದಲ್ಲಿ ವಾಕ್ಯಗಳನ್ನು ಹೇಗೆ ಮುರಿದೆ ಅನ್ನೋದನ್ನು ಈಗ ಹೇಳುವುದಿಲ್ಲ. ಪುಸ್ತಕ ಬರಲಿ.

ಕಥೆ ಅಚ್ಚಾಗಿ 1,500 ರೂಪಾಯಿ ಬಂತು. ಊರಿನ ಜಗುಲಿಯಲ್ಲಿ ಓದಿದೆ. ಎತ್ತು ಸಾಕಿದ್ದ ದೊಡ್ಡಪ್ಪ ನಡುವೆಯೇ ಎದ್ದು ಕೊಟ್ಟಿಗೆಗೆ ಹೋದರು.

ಈಗ ಶರಚ್ಚಂದ್ರರದೇ ಇನ್ನೊಂದು ಕಥೆ ‘ಅಭಾಗಿರ್ ಸ್ವರ್ಗ’ ಹಿಡಿದಿದ್ದೇನೆ. ತಾಯಿಯ ಚಿತೆಗೆ ಅಂತ ಕಂಗಾಲಿ ತಮ್ಮದೇ ಅಂಗಳದ ಮರ ಕೇಳಿ ಬೈಸಿಕೊಳ್ಳುವ ಜಾಗಕ್ಕೆ ಬಂದು ನಿಂತಿದ್ದೇನೆ. ಅಲ್ಲೂ ತುಯಿ.