ಸೆಲ್ಫ್ ಚೆಕ್‌ಔಟ್ ಯಂತ್ರಕ್ಕೆ ಪುಸ್ತಕದ ಗುರುತು ಹಿಡಿಸುವುದು ಹೇಗೆ?

ಮುಂಬಯಿಯ ನಮ್ಮ ಸಂಘಗಳ ಲೈಬ್ರರಿಗಳಲ್ಲಿ ಸಂಜೆ ಹೊತ್ತು ಕೌಂಟರಿನಲ್ಲಿ ಕೂರಲು ಜನ ಸಿಗುವುದೇ ಕಷ್ಟ. ಡೊಂಬಿವಲಿಯಿಂದಲೋ ಮುಲುಂಡ್‌ನಿಂದಲೋ ಲೋಕಲ್ ಹಿಡಿದು ಬಂದವರು ತಾವೇ ಪುಸ್ತಕ ಸ್ಕ್ಯಾನ್ ಮಾಡಿಕೊಂಡು ಹೊರಡುವಂತಿದ್ದರೆ ಎಷ್ಟು ಅನುಕೂಲ, ಅಲ್ವಾ? ಕೋಹಾ ಲೈಬ್ರರಿ ನಡೆಸಲು ಬಳಸುವ ಉಚಿತ ತಂತ್ರಾಂಶ, ಸೆಲ್ಫ್ ಚೆಕ್‌ಔಟ್ ಅದರೊಳಗೇ ಇದೆ. ಈಗಾಗಲೇ ಕೋಹಾ ಬಳಸುತ್ತಿದ್ದರೆ ಇನ್ನೊಂದು ಹಳೇ ಕಂಪ್ಯೂಟರ್, ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ ಒಂದು ಯುಎಸ್‌ಬಿ ಸ್ಕ್ಯಾನರ್ ಸಾಕು.

ಮೊದಲು ಯಾವ ನಂಬರನ್ನು ಗುರುತಾಗಿ ಇಟ್ಟುಕೊಳ್ಳಬೇಕು ಅನ್ನುವುದು ತೀರ್ಮಾನವಾಗಲಿ. ಪುಸ್ತಕದ ಹಿಂದೆ 978ರಿಂದ ಶುರುವಾಗುವ ಬಾರ್‌ಕೋಡ್ ಐಎಸ್‌ಬಿಎನ್, ಅಂದರೆ ಪ್ರಕಾಶಕರು ಹಾಕಿಸುವ ಅಂತರರಾಷ್ಟ್ರೀಯ ಪುಸ್ತಕ ಸಂಖ್ಯೆ. ಅದು ಬೇಡವೇ ಬೇಡ. ಒಂದೇ ಕಾದಂಬರಿಯ ನಾಲ್ಕು ಪ್ರತಿ ಇದ್ದರೆ ನಾಲ್ಕಕ್ಕೂ ಅದೇ ನಂಬರ್, ಯಾವ ಪ್ರತಿ ಯಾರ ಮನೆಯಲ್ಲಿದೆ ಅಂತ ಆಮೇಲೆ ಹುಡುಕುವುದು ಹೇಗೆ? ಅದು ಅಂತರರಾಷ್ಟ್ರೀಯ ಮಾನದಂಡವಾಗಿದ್ದೇ 1970ರಲ್ಲಿ, ನಮ್ಮ ಕಪಾಟಿನ ಹಳೇ ಪುಸ್ತಕಗಳಲ್ಲಿ ಅದು ಎಲ್ಲಿಂದ ಬರಬೇಕು? ಪುಸ್ತಕ ಲೈಬ್ರರಿಗೆ ಸೇರಿದಾಗ ರಿಜಿಸ್ಟರಿನಲ್ಲಿ ಬರೆಯುವ ಅಕ್ಸೆಶನ್ ನಂಬರನ್ನೇ ಬಳಸಿ. ಅದು ಪ್ರತಿಯೊಂದು ಪ್ರತಿಗೂ ಬೇರೆ.

ರಿಜಿಸ್ಟರಿನಲ್ಲಿ ೦೪೧೨ ಅಂತ ಕನ್ನಡ ಅಂಕಿ ಇದ್ದರೆ ಪುಸ್ತಕಕ್ಕೆ ಅಂಟಿಸುವ ಬಾರ್‌ಕೋಡ್ ಸ್ಟಿಕರಿಗೆ 0412 ಅಂತ ಹಾಕಿ. ಇಲ್ಲಿ ಎಕ್ಸೆಲ್ ಬಗ್ಗೆ ಎಚ್ಚರ. ಅದು ಮುಂದಿನ ಸೊನ್ನೆಯನ್ನು ಸುಮ್ನೆ ನುಂಗಿ 412 ಮಾಡಿಬಿಡುತ್ತದೆ, ಅದೇ ಫೈಲನ್ನು ಕೋಹಾಗೆ ಏರಿಸಿದರೆ ಸ್ಟಿಕರಿನಲ್ಲಿ ಒಂದು, ದಾಖಲೆಯಲ್ಲಿ ಇನ್ನೊಂದು, ಯಂತ್ರ ಪುಸ್ತಕವೇ ಇಲ್ಲ ಅನ್ನುತ್ತದೆ. ನಂಬರ್ ತುಂಬುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿ.

ಇನ್ನು ಸ್ಕ್ಯಾನರ್. ಜೊತೆಗೆ ಬರುವ ಪುಸ್ತಿಕೆಯನ್ನು ಎಸೆಯಬೇಡಿ, ಸೆಟ್ಟಿಂಗ್ ಬದಲಿಸುವ ಬಾರ್‌ಕೋಡ್‌ಗಳು ಅದರಲ್ಲೇ ಇರುತ್ತವೆ. ಬಾರ್‌ಕೋಡಿನಲ್ಲಿ ಹಲವು ಬಗೆ: ಕೋಡ್ 39 ಅಥವಾ ಕೋಡ್ 128, ನಿಮ್ಮ ಸ್ಟಿಕರ್ ಯಾವುದೋ ಅದನ್ನು ಆನ್ ಮಾಡಿ. ಐಎಸ್‌ಬಿಎನ್ ಅಚ್ಚಾಗುವ ಬಗೆಯಾದ ಇಎಎನ್-13 ಆಫ್ ಮಾಡಿ. ಆಗ ಓದುಗರು ಅಪ್ಪಿತಪ್ಪಿ ಐಎಸ್‌ಬಿಎನ್ ಕಡೆ ಹಿಡಿದರೂ ಸ್ಕ್ಯಾನರ್ ಅದನ್ನು ಓದುವುದೇ ಇಲ್ಲ. (ನಿಮ್ಮ ಸ್ಟಿಕರುಗಳೇ ಇಎಎನ್-13 ಆಗಿದ್ದರೆ ಮಾತ್ರ ಇದನ್ನು ಮುಟ್ಟಬೇಡಿ.) ಸ್ಕ್ಯಾನ್ ಆದ ಕೂಡಲೇ ಎಂಟರ್ ಒತ್ತುವಂತೆಯೂ ಮಾಡಿಕೊಳ್ಳಿ.

ಕೋಹಾಗೆ ಹೋಗುವ ಮೊದಲು ನೋಟ್‌ಪ್ಯಾಡ್ ತೆರೆದು ಒಂದು ಸ್ಟಿಕರ್ ಸ್ಕ್ಯಾನ್ ಮಾಡಿ, ಏನು ಬೀಳುತ್ತದೆ ಅಂತ ಕಣ್ಣಾರೆ ನೋಡಿ. ಕೋಡ್ 39ರ ಎರಡೂ ತುದಿಯಲ್ಲಿ ನಕ್ಷತ್ರ ಚಿಹ್ನೆ ಇರುತ್ತದೆ, ಕೆಲವೊಮ್ಮೆ ಅದೂ ಬಂದುಬಿಡುತ್ತದೆ. ಬಂದರೆ ಪುಸ್ತಿಕೆ ನೋಡಿ ನಿಲ್ಲಿಸಿ. ಸ್ಕ್ಯಾನರ್ ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಕೀಬೋರ್ಡ್ ಅಷ್ಟೇ. ಯಾರೋ ಕನ್ನಡದ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸ ಆನ್ ಮಾಡಿ ಬಿಟ್ಟುಹೋಗಿದ್ದರೆ ಬಾರ್‌ಕೋಡಿನ ಇಂಗ್ಲಿಷ್ ದೊಡ್ಡಕ್ಷರ ‘ಕೆ’ ಬೀಳಬೇಕಾದಲ್ಲಿ ‘ಖ’ ಬೀಳುತ್ತದೆ! ಓದುಗರು ಬಳಸುವ ಆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಕೀಬೋರ್ಡ್ ಒಂದನ್ನೇ ಇಡಿ.

ಕೋಹಾದಲ್ಲಿ ಕೆಲಸ ಕಡಿಮೆ. ಅಡ್ಮಿನಿಸ್ಟ್ರೇಶನ್‌ಗೆ ಹೋಗಿ ಸಿಸ್ಟಮ್ ಪ್ರಿಫರೆನ್ಸಸ್ ತೆರೆಯಿರಿ, ಸರ್ಕ್ಯುಲೇಶನ್ ವಿಭಾಗದಲ್ಲಿ ‘ವೆಬ್‌ಬೇಸ್ಡ್‌ಸೆಲ್ಫ್‌ಚೆಕ್’ ಆನ್ ಮಾಡಿ. ಅಲ್ಲೇ ‘ಐಟಮ್‌ಬಾರ್‌ಕೋಡ್‌ಇನ್‌ಪುಟ್‌ಫಿಲ್ಟರ್’ ಇದೆ. ಸ್ಟಿಕರಿನ ನಂಬರಿನ ಮಧ್ಯೆ ಖಾಲಿ ಜಾಗ ಇದ್ದು ದಾಖಲೆಯಲ್ಲಿ ಇಲ್ಲದಿದ್ದರೆ, ಖಾಲಿ ಜಾಗ ತೆಗೆಯುವ ಆಯ್ಕೆ ಆರಿಸಿ. ಇಲ್ಲದಿದ್ದರೆ ಫಿಲ್ಟರ್ ಬೇಡ.

ಆರ್‌ಎಫ್‌ಐಡಿ (ರೇಡಿಯೋ ತರಂಗದಿಂದ ಪುಸ್ತಕದ ಟ್ಯಾಗ್ ಓದುವ ವ್ಯವಸ್ಥೆ) ಇರುವ ಕಡೆ ಟ್ಯಾಗಿನಲ್ಲೂ ಇದೇ ಅಕ್ಸೆಶನ್ ನಂಬರ್ ಬರೆಯಿಸಿ. ಅದರ ಯಂತ್ರ ಮೇಜಿನ ಮೇಲಿರುವ ಪುಸ್ತಕಗಳನ್ನೆಲ್ಲ ಒಟ್ಟಿಗೆ ಓದುತ್ತದೆ, ಪಕ್ಕದವರದನ್ನೂ. ಹಾಗಾಗಿ ಅಲ್ಲಿ ವಾಪಸು ಬಂದ ಪುಸ್ತಕಗಳ ರಾಶಿ ಹಾಕಬೇಡಿ.

ಕೊನೆಗೆ ಒಂದೇ ಪುಸ್ತಕದ ಎರಡು ಪ್ರತಿ ತಂದು, ಎರಡು ಬೇರೆ ಕಾರ್ಡಿಗೆ ಕೊಟ್ಟು ನೋಡಿ. ಮಳೆಗಾಲದಲ್ಲಿ ಅಂಚು ಎದ್ದ ಒಂದು ಸ್ಟಿಕರನ್ನೂ ಸ್ಕ್ಯಾನ್ ಮಾಡಿ. ಅದು ಓದದಿದ್ದರೆ ಮೇಲೆ ಪಾರದರ್ಶಕ ಟೇಪ್ ಹಾಕದೆ ಹೊಸ ಸ್ಟಿಕರನ್ನೇ ಅಂಟಿಸಿ.